ನೋವಿಲ್ಲದ ರೋಗ, ನಿತ್ಯದ ಗುಳಿಗೆ

ಸಕ್ಕರೆ ಕಾಯಿಲೆಗೆ ಮದ್ದಿಲ್ಲವೆಂದು ಕೈಚೆಲ್ಲುವ ಕಾಲ ಮುಗಿದು ನೂರು ವರ್ಷ ದಾಟಿತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. ಮರುವರ್ಷ ಅದು ಸಾವಿನ ದವಡೆಯಲ್ಲಿದ್ದ ಹದಿನಾಲ್ಕರ ಹುಡುಗನೊಬ್ಬನನ್ನು ಬದುಕಿಸಿತು. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಮೆಟ್‌ಫಾರ್ಮಿನ್ ಗುಳಿಗೆಯ ಗುಣವನ್ನು ಜಗತ್ತಿಗೆ ತಿಳಿಸಿದರು. ಇಂದು ಆ ಗುಳಿಗೆ ವಿಜಯಪುರದ ಔಷಧ ಅಂಗಡಿಗಳಲ್ಲಿ ಎರಡು-ಮೂರು ರೂಪಾಯಿಗೆ ಒಂದರಂತೆ ಸಿಗುತ್ತದೆ. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆಯಾಗಿಯೇ ಕೊಡುತ್ತಾರೆ. ನಗರದಲ್ಲಿ ಜಿಲ್ಲಾಸ್ಪತ್ರೆಯ ಜೊತೆಗೆ ಎರಡು ವೈದ್ಯಕೀಯ ಕಾಲೇಜುಗಳಿವೆ: 1984ರಲ್ಲಿ ಆರಂಭವಾದ ಅಲ್-ಅಮೀನ್ ಮತ್ತು 1986ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜು. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾದ ತಿಕೋಟಾ ಮತ್ತು ಬಬಲೇಶ್ವರಗಳಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ನಗರ ಮುಟ್ಟಬಹುದು. ಮದ್ದು ಇದೆ, ಅಗ್ಗವಾಗಿದೆ, ವೈದ್ಯರಿದ್ದಾರೆ. ಹಾಗಾದರೆ ಫಲ ಎಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ 2008ರಿಂದ 2020ರವರೆಗೆ ದೇಶದ ಎಲ್ಲ ರಾಜ್ಯಗಳಲ್ಲಿ 1,13,043 ಜನರನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಅದೇ ಅಧ್ಯಯನದಿಂದ 2022ರಲ್ಲಿ ಹೊರಬಂದ ಇನ್ನೊಂದು ಲೆಕ್ಕ ಇನ್ನೂ ಕಳವಳಕಾರಿ. ತಮಗೆ ಮಧುಮೇಹ ಇದೆಯೆಂದು ಗೊತ್ತಿದ್ದವರ ಪೈಕಿ ಸಕ್ಕರೆ ಹತೋಟಿಯಲ್ಲಿದ್ದದ್ದು ಶೇ 36ರಷ್ಟು ಜನರಿಗೆ ಮಾತ್ರ. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಮೂರೂ ಹತೋಟಿಯಲ್ಲಿದ್ದವರು ಶೇ 8ಕ್ಕಿಂತ ಕಡಿಮೆ.

ಈ ಅಂತರಕ್ಕೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: ಜನರಿಗೆ ತಿಳಿವಳಿಕೆ ಇಲ್ಲ, ನಾಲಿಗೆ ಮೇಲೆ ಹಿಡಿತವಿಲ್ಲ, ಗುಳಿಗೆ ನುಂಗಲು ಆಲಸ್ಯ. ವೈದ್ಯರ ಕೊಠಡಿಯಲ್ಲೂ ಮನೆಯ ಪಡಸಾಲೆಯಲ್ಲೂ ರೋಗಿ ಕೇಳುವುದು ಇದೇ ಬೈಗುಳವನ್ನು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ದೀರ್ಘಕಾಲದ ಚಿಕಿತ್ಸೆಗಳ ಬಗ್ಗೆ ಪ್ರಕಟಿಸಿದ ವರದಿ ಹೇಳಿದ್ದೇನು? ಶ್ರೀಮಂತ ದೇಶಗಳಲ್ಲೂ ಇಂಥ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುವವರು ಸರಾಸರಿ ಅರ್ಧದಷ್ಟು ಮಾತ್ರ. ಅಕ್ಷರಸ್ಥ, ಅನುಕೂಲಸ್ಥ, ವಿಮೆ ಉಳ್ಳ ನಾಡುಗಳಲ್ಲೇ ಅರ್ಧ ಜನ ಗುಳಿಗೆ ತಪ್ಪಿಸುತ್ತಾರೆಂದರೆ, ತಿಕೋಟಾದ ಕೂಲಿಕಾರನ ತಪ್ಪಿಗೆ ಅವನ ಅನಕ್ಷರತೆಯೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಇಷ್ಟು: ಚಿಕಿತ್ಸೆ ಬಿಟ್ಟವರಲ್ಲಿ ಬಹುಪಾಲು ಜನ ಮೂರ್ಖತನದಿಂದ ಬಿಟ್ಟವರಲ್ಲ. ಅವರ ದೇಹ ಅವರಿಗೆ ದಿನವೂ ಕೊಡುವ ಸಾಕ್ಷ್ಯವೇ ದಾರಿ ತಪ್ಪಿಸುವಂಥದ್ದು. ಆ ಸಾಕ್ಷ್ಯವನ್ನು ತಿದ್ದುವ ಏರ್ಪಾಡು ಅವರ ಸುತ್ತ ಇದ್ದರೆ ಚಿಕಿತ್ಸೆ ಉಳಿಯುತ್ತದೆ, ಇಲ್ಲವಾದರೆ ಉಳಿಯುವುದಿಲ್ಲ.

ಮೊದಲು ರೋಗದ ಸ್ವಭಾವ ನೋಡೋಣ. ಬರಿಹೊಟ್ಟೆಯಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಗ್ಲೂಕೋಸ್ ಇದ್ದರೆ ಅದು ಮಧುಮೇಹ. ಆದರೆ ದೇಹ ಅದನ್ನು ಗುರುತಿಸಿ ಕೂಗಿ ಹೇಳುವುದಿಲ್ಲ. ಮೂತ್ರಪಿಂಡಗಳು ಸೋಸಿದ ಗ್ಲೂಕೋಸನ್ನೆಲ್ಲ ಮರಳಿ ಹೀರಿಕೊಂಡು ರಕ್ತಕ್ಕೆ ಕಳಿಸುತ್ತವೆ. ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಅವುಗಳ ಶಕ್ತಿ ಸಾಲದೆ ಸಕ್ಕರೆ ಮೂತ್ರಕ್ಕೆ ಸೋರುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಪದೇಪದೇ ಮೂತ್ರ, ತೀರದ ಬಾಯಾರಿಕೆ ಬರುವುದು ಆಗ. ಅದಕ್ಕಿಂತ ಕೆಳಗೆ ಇರುವಷ್ಟು ಕಾಲ ರೋಗಿಗೆ ಏನೂ ಅನಿಸುವುದಿಲ್ಲ. ವರ್ಷಗಟ್ಟಲೆ ಮೆಲ್ಲಗೆ ಏರಿದ ಸಕ್ಕರೆಯಾದರೆ 180ರ ಆಚೆಗೂ ದೇಹ ಒಗ್ಗಿಕೊಂಡುಬಿಡುತ್ತದೆ. ಆದರೆ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಹೆಚ್ಚಾದ ಗ್ಲೂಕೋಸ್ ರಕ್ತದ ಪ್ರೋಟೀನುಗಳಿಗೆ, ನಾಳಗಳ ಗೋಡೆಗಳಿಗೆ ಅಂಟಿಕೊಂಡು ಅವನ್ನು ಬಿರುಸಾಗಿಸುತ್ತದೆ. ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡದ ಸೋಸುಗಗಳು, ಪಾದದ ನರಗಳಿಗೆ ಅನ್ನ ಒಯ್ಯುವ ಕೂದಲೆಳೆಯಂಥ ನಾಳಗಳು ಮೊದಲು ಹಾಳಾಗುತ್ತವೆ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ನಡೆದ ಯು.ಕೆ.ಪಿ.ಡಿ.ಎಸ್. ಎಂಬ ಪ್ರಸಿದ್ಧ ಅಧ್ಯಯನದಲ್ಲಿ, ಆಗಷ್ಟೇ ಮಧುಮೇಹ ಪತ್ತೆಯಾದವರ ಪೈಕಿ ಸುಮಾರು ಅರ್ಧ ಜನರ ದೇಹದಲ್ಲಿ ಇಂಥ ಹಾನಿಯ ಗುರುತು ಆಗಲೇ ಇತ್ತು. ರೋಗ ಬಂದು ವರ್ಷಗಳಾಗಿದ್ದವು, ಸುದ್ದಿ ಮಾತ್ರ ಆಗ ತಲುಪಿತ್ತು.

ಇನ್ನು ಮದ್ದಿನ ಸ್ವಭಾವ. ಮೊಣಕಾಲು ನೋವಿಗೆ ನುಂಗಿದ ಗುಳಿಗೆ ಅರ್ಧ ಗಂಟೆಯಲ್ಲಿ ತನ್ನ ಕೆಲಸ ತೋರಿಸುತ್ತದೆ. ಅದನ್ನು ಯಾರೂ ಮರೆಯುವುದಿಲ್ಲ, ಸಂತೆಗೆ ಹೋದಾಗ ಕೇಳಿ ತರುತ್ತಾರೆ. ಸಕ್ಕರೆ ಗುಳಿಗೆ ಕೊಡುವ ಪ್ರತಿಫಲವೆಂದರೆ ಮುಂದೆ ಎಂದೋ ಆಗಬಹುದಾಗಿದ್ದ ಒಂದು ಅನಾಹುತ ಆಗದಿರುವುದು. ಆಗದಿರುವುದನ್ನು ಕಣ್ಣಿಂದ ಕಾಣಲಾಗುವುದಿಲ್ಲ. ಅದೇ ಯು.ಕೆ.ಪಿ.ಡಿ.ಎಸ್. ಅಧ್ಯಯನದಲ್ಲಿ 3,867 ರೋಗಿಗಳನ್ನು ಎರಡು ಗುಂಪು ಮಾಡಿ ಹತ್ತು ವರ್ಷ ಗಮನಿಸಿದ ಮೇಲೆ, ಬಿಗಿ ಹತೋಟಿಯ ಗುಂಪಿನಲ್ಲಿ ಕಣ್ಣು-ಕಿಡ್ನಿಯಂಥ ಸಣ್ಣ ನಾಳಗಳ ತೊಂದರೆ ಶೇ 25ರಷ್ಟು ಕಡಿಮೆಯಾದದ್ದು ತಿಳಿಯಿತು. ಇದು ನಿಜವಾದ, ದೊಡ್ಡ ಲಾಭ. ಆದರೆ ಸಾವಿರಾರು ಜನರನ್ನು ಹತ್ತು ವರ್ಷ ಎಣಿಸಿದಾಗ ಮಾತ್ರ ಕಾಣುವ ಲಾಭ. ಬಬಲೇಶ್ವರದ ಒಬ್ಬ ರೋಗಿಗೆ ತನ್ನೊಬ್ಬನ ದೇಹದಲ್ಲಿ ಅದು ಎಂದೂ ಕಾಣುವುದಿಲ್ಲ. ಅವನಿಗೆ ಕಾಣುವುದು ಇಷ್ಟೇ: ನುಂಗಿದ ದಿನವೂ ಹಾಗೇ ಇದ್ದೆ, ನುಂಗದ ದಿನವೂ ಹಾಗೇ ಇದ್ದೆ. ಒಂದು ವಾರ ಗುಳಿಗೆ ತೀರಿದಾಗ ಏನೂ ಆಗಲಿಲ್ಲ. ಹಾಗಾದರೆ ಈ ಗುಳಿಗೆ ಬೇಕೇಬೇಕೇ? ಇದು ಅವಿವೇಕದ ಪ್ರಶ್ನೆಯಲ್ಲ. ಕಂಡ ಪುರಾವೆಯಿಂದ ಯಾರಾದರೂ ಕಟ್ಟಬಹುದಾದ ತರ್ಕ.

ಲಾಭ ಕಾಣದಿದ್ದರೂ ಸಹಿಸಬಹುದಿತ್ತು. ತೊಂದರೆ ಮಾತ್ರ ತಕ್ಷಣ ಕಾಣುತ್ತದೆ. ಮೆಟ್‌ಫಾರ್ಮಿನ್ ಆರಂಭಿಸಿದ ಮೊದಲ ವಾರಗಳಲ್ಲಿ ಹೊಟ್ಟೆಯುಬ್ಬರ, ವಾಕರಿಕೆ, ಭೇದಿ ಸಾಮಾನ್ಯ. ಊಟದ ಜೊತೆ ತೆಗೆದುಕೊಂಡು, ಕಡಿಮೆ ಪ್ರಮಾಣದಿಂದ ಮೆಲ್ಲಗೆ ಏರಿಸಿದರೆ ಬಹುತೇಕರಿಗೆ ಇದು ತಗ್ಗುತ್ತದೆ. ಆದರೆ ಹಾಗೆಂದು ಮೊದಲೇ ಹೇಳಿದವರು ಯಾರೂ ಇಲ್ಲದಿದ್ದರೆ ರೋಗಿ ನಾಲ್ಕನೇ ದಿನಕ್ಕೇ ಪಟ್ಟಿಯನ್ನು ಮಾಡದ ಮೇಲಿಟ್ಟುಬಿಡುತ್ತಾನೆ. ಗ್ಲಿಮಿಪಿರೈಡಿನಂಥ ಗುಳಿಗೆಗಳ ಕತೆ ಇನ್ನೂ ಸೂಕ್ಷ್ಮ. ಅವು ಮೇದೋಜೀರಕ ಗ್ರಂಥಿಯನ್ನು ತಟ್ಟಿ ಇನ್ಸುಲಿನ್ ಬಿಡಿಸುತ್ತವೆ, ಹೊಟ್ಟೆಗೆ ಊಟ ಬಂತೋ ಇಲ್ಲವೋ ನೋಡುವುದಿಲ್ಲ. ತಿಕೋಟಾ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರಿನ ಚಾಟ್ನಿ (ಬಳ್ಳಿ ಸವರುವ ಕೆಲಸ) ಇರಲಿ, ಫೆಬ್ರವರಿಯಿಂದಾಚೆ ಕಾಯಿ ಕೊಯ್ದು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಮಣೂಕದ (ಒಣದ್ರಾಕ್ಷಿಯ) ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಹರವುವ ಕೆಲಸವಿರಲಿ, ಕೂಲಿಯವರ ದಿನ ನಸುಕಿನಲ್ಲೇ ಶುರುವಾಗುತ್ತದೆ. ಬರಿ ಚಹಾದ ಮೇಲೆ ಗುಳಿಗೆ ನುಂಗಿ ಹೊರಟವರ ಬುತ್ತಿ ಬಿಚ್ಚುವುದು ಒಪ್ಪಿಕೊಂಡ ಸಾಲು ಮುಗಿದ ಮೇಲೆ. ಅಷ್ಟರಲ್ಲಿ ಸಕ್ಕರೆ 70ರ ಕೆಳಗಿಳಿದರೆ ಬೆವರು ಕಿತ್ತು ಬರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಣ್ಣಿಗೆ ಕತ್ತಲೆ. ಮರುದಿನದಿಂದ ಅವರು ಒಂದು ನಿಯಮ ಮಾಡಿಕೊಳ್ಳುತ್ತಾರೆ: ಹೊಲಕ್ಕೆ ಹೋಗುವ ದಿನ ಗುಳಿಗಿ ಬ್ಯಾಡ. ಕಾಗದದ ಮೇಲೆ ಇದು ಚಿಕಿತ್ಸೆಯ ಉಲ್ಲಂಘನೆ. ಅವರ ಮಟ್ಟಿಗೆ ಇದು ಪ್ರಾಣ ಕಾಪಾಡಿಕೊಂಡ ಬಗೆ. ತಪ್ಪಿದ್ದು ಗುಳಿಗೆಯ ಹೊತ್ತು ಮತ್ತು ಕೆಲಸದ ಹೊತ್ತು ಕೂಡದಿದ್ದುದರಲ್ಲಿ. ಆ ಎರಡನ್ನು ಕೂಡಿಸುವ ಪ್ರಶ್ನೆಯನ್ನು, ಅಂದರೆ ನೀವು ಎಷ್ಟು ಗಂಟೆಗೆ ರೊಟ್ಟಿ ತಿನ್ನುತ್ತೀರಿ ಎಂಬುದನ್ನು, ಚೀಟಿ ಬರೆಯುವಾಗಲೇ ಕೇಳಬೇಕಿತ್ತು.

ಪಥ್ಯದ ಮಾತೂ ಹೀಗೆಯೇ. ಅನ್ನ ಬಿಡಿ, ಚಪಾತಿ ತಿನ್ನಿ ಎಂದು ಅಚ್ಚಾದ ಪಟ್ಟಿ ಜೋಳದ ರೊಟ್ಟಿಯ ನಾಡಿಗೆ ಅರ್ಧ ಮಾತ್ರ ಹೊಂದುತ್ತದೆ. ಜೋಳ ಉಣ್ಣುವವರಿಗೆ ಶುಗರ್ ಬರುವುದಿಲ್ಲ ಎಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ಜೋಳದಲ್ಲಿ ನಾರು ಹೆಚ್ಚು, 100 ಗ್ರಾಮಿಗೆ ಸುಮಾರು 10 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಮಿನಷ್ಟೂ ಇಲ್ಲ. ಆದರೆ ಶರ್ಕರಪಿಷ್ಟ ಜೋಳದಲ್ಲೂ 100 ಗ್ರಾಮಿಗೆ 68 ಗ್ರಾಮಿನಷ್ಟಿದೆ. ಆದ್ದರಿಂದ ರೊಟ್ಟಿ ಒಳ್ಳೆಯದು, ಆದರೆ ಎಷ್ಟು ರೊಟ್ಟಿ ಎಂಬ ಲೆಕ್ಕದಿಂದ ಅದಕ್ಕೂ ವಿನಾಯಿತಿಯಿಲ್ಲ. ರೊಟ್ಟಿ ಒಂದು ಕಡಿಮೆ ಮಾಡಿ ಝುಣಕ, ಮೊಳಕೆ ಕಾಳು, ಪುಂಡಿ ಪಲ್ಯ ಹೆಚ್ಚಿಸಿ ಎಂಬ ಮಾತು ಇಲ್ಲಿನ ತಾಟಿಗೆ ನಾಟುತ್ತದೆ. ಓಟ್ಸ್ ತಿನ್ನಿ ಎಂಬುದು ನಾಟುವುದಿಲ್ಲ. ಇನ್ನು ಮನೆಮಂದಿಗೆಲ್ಲ ಅಡುಗೆ ಮಾಡುವ ಹೆಣ್ಣುಮಗಳಿಗೇ ಸಕ್ಕರೆ ಕಾಯಿಲೆ ಬಂದರೆ ಅವಳಿಗಾಗಿ ಬೇರೆ ಅಡುಗೆ ಆಗುವುದು ಅಪರೂಪ. ಎಲ್ಲರದಾದ ಮೇಲೆ ಉಳಿದದ್ದನ್ನು ಉಳಿದ ಹೊತ್ತಿಗೆ ಉಣ್ಣುವವಳಿಗೆ ಊಟಕ್ಕೆ ಅರ್ಧ ಗಂಟೆ ಮೊದಲು ಎಂಬ ಸೂಚನೆ ಅರ್ಥವಾಗುತ್ತದೆ, ಪಾಲಿಸಲು ಬರುವುದಿಲ್ಲ. ದಿನಾ ನಡೆಯಿರಿ ಎಂದಾಗ ಬರುವ ಮರುಪ್ರಶ್ನೆಯೂ ನ್ಯಾಯವಾದದ್ದೇ: ದಿನವಿಡೀ ಹೊಲದಾಗ ದುಡಿತೀವಿ, ಮತ್ತ್ಯಾಕ ವಾಕಿಂಗು? ದುಡಿಯುವವರಿಗೆ ಬೇಕಾದದ್ದು ಹೊತ್ತಿಗೆ ಸರಿಯಾದ ಊಟ ಮತ್ತು ಮುಳ್ಳು-ಕಲ್ಲಿನಿಂದ ಪಾದ ಕಾಯುವ ಚಪ್ಪಲಿ. ನಡಿಗೆ ಬೇಕಾದದ್ದು ಗಲ್ಲೆಯ ಮುಂದೆ ದಿನವಿಡೀ ಕೂರುವ ನಗರದ ಅಂಗಡಿಕಾರರಿಗೆ. ಇಬ್ಬರಿಗೂ ಒಂದೇ ಚೀಟಿ ಕೊಟ್ಟರೆ ಇಬ್ಬರೂ ಬಿಡುತ್ತಾರೆ.

ಉಪವಾಸದ ವಿಷಯದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ವಿಜಯಪುರದಲ್ಲಿ ರಂಜಾನಿನ ರೋಜಾ ಇಡುವವರೂ ಶ್ರಾವಣ ಸೋಮವಾರ ಒಂದು ಹೊತ್ತು ಉಣ್ಣುವವರೂ ಅಕ್ಕಪಕ್ಕದಲ್ಲಿ ಬದುಕುತ್ತಾರೆ. 13 ದೇಶಗಳಲ್ಲಿ 12,000ಕ್ಕೂ ಹೆಚ್ಚು ಮುಸ್ಲಿಂ ಮಧುಮೇಹಿಗಳನ್ನು ಗಮನಿಸಿದ, 2004ರಲ್ಲಿ ಪ್ರಕಟವಾದ ಎಪಿಡಯಾರ್ ಅಧ್ಯಯನದಲ್ಲಿ ಟೈಪ್ 2 ಮಧುಮೇಹ ಇದ್ದವರ ಪೈಕಿ ಶೇ 79 ಜನ ತಿಂಗಳಲ್ಲಿ ಕನಿಷ್ಠ 15 ದಿನ ರೋಜಾ ಇಟ್ಟಿದ್ದರು. ಅವರಲ್ಲಿ ಆಸ್ಪತ್ರೆ ಸೇರುವಂಥ ಸಕ್ಕರೆ ಕುಸಿತ ಉಳಿದ ತಿಂಗಳುಗಳಿಗಿಂತ ಏಳೂವರೆ ಪಟ್ಟು ಹೆಚ್ಚಾಗಿತ್ತು. ಉಪವಾಸ ಮಾಡಬೇಡಿ ಎಂದಷ್ಟೇ ಹೇಳುವ ವೈದ್ಯರ ಮಾತನ್ನು ಹೆಚ್ಚಿನವರು ಕೇಳುವುದಿಲ್ಲ, ಮುಂದಿನ ಭೇಟಿಯಲ್ಲಿ ಉಪವಾಸ ಮಾಡಿದ್ದನ್ನು ಹೇಳುವುದೂ ಇಲ್ಲ. ಉಪವಾಸ ಮಾಡುವಿರಾದರೆ ಮೆಟ್‌ಫಾರ್ಮಿನ್ ಇಫ್ತಾರ್ ಮತ್ತು ಸಹರಿಗೆ ಬದಲಿಸೋಣ, ಈ ಇನ್ನೊಂದು ಗುಳಿಗೆ ತಗ್ಗಿಸೋಣ, ಬೆವರು ಬಂದರೆ ತಕ್ಷಣ ಉಪವಾಸ ಮುರಿಯಿರಿ ಎನ್ನುವವರ ಮಾತನ್ನು ಕೇಳುತ್ತಾರೆ. ಇದಕ್ಕೆಂದೇ ಅಂತರರಾಷ್ಟ್ರೀಯ ಮಾರ್ಗಸೂಚಿಗಳಿವೆ. ಯಾರಿಗೆ ಉಪವಾಸ ಪೂರ್ತಿ ಅಪಾಯಕಾರಿ ಎಂಬುದನ್ನೂ ಅವು ಬೇರ್ಪಡಿಸಿ ಹೇಳುತ್ತವೆ.

ದೇಹದ ಸಾಕ್ಷ್ಯದಂತೆ ನೆರೆಹೊರೆಯ ಸಾಕ್ಷ್ಯವೂ ದಾರಿ ತಪ್ಪಿಸುತ್ತದೆ. ಗುಳಿಗೆಯಿಂದ ಕಿಡ್ನಿ ಹೋಗುತ್ತದೆ ಎಂಬ ಭಯ ಹಳ್ಳಿ-ಪೇಟೆ ಎನ್ನದೆ ಹರಡಿದೆ. ಅದು ಎಲ್ಲಿಂದ ಬಂತು? ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಆದರೆ ಅದು ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕವೇ. ಆದ್ದರಿಂದ ಕಿಡ್ನಿಯ ಸೋಸುವ ಶಕ್ತಿ ತುಂಬ ಇಳಿದಾಗ ವೈದ್ಯರು ಅದನ್ನು ನಿಲ್ಲಿಸುತ್ತಾರೆ. ಊರಿನವರು ನೋಡುವುದು ಇದನ್ನು: ಹತ್ತು ವರ್ಷ ಗುಳಿಗೆ ನುಂಗಿದ, ಕಿಡ್ನಿ ಹೋಯಿತು, ಡಾಕ್ಟರೇ ಗುಳಿಗೆ ನಿಲ್ಲಿಸಿದರು. ಕಿಡ್ನಿ ಕೆಡಿಸಿದ್ದು ಹತ್ತು ವರ್ಷದ ಹತೋಟಿ ಇಲ್ಲದ ಸಕ್ಕರೆ ಮತ್ತು ರಕ್ತದೊತ್ತಡ ಎಂಬುದು ಕಾಣುವುದಿಲ್ಲ. ಯಾವ ಭಯವೂ ಇಲ್ಲದೆ ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಯೇ ಕಿಡ್ನಿಗೆ ನಿಜವಾಗಿ ಅಪಾಯ ಎಂಬುದೂ ಕಾಣುವುದಿಲ್ಲ. ಇನ್ಸುಲಿನ್ನಿನ ಅಪಖ್ಯಾತಿಯೂ ಹೀಗೇ ಹುಟ್ಟಿದ್ದು. ಅದನ್ನು ಆರಂಭಿಸುವುದು ಬಹಳ ತಡವಾಗಿ, ಕಾಲಿನ ಹುಣ್ಣೋ ಕಣ್ಣಿನ ರಕ್ತಸ್ರಾವವೋ ಆದ ಮೇಲೆ. ಹಾಗಾಗಿ ಸೂಜಿ ಶುರುವಾದ ಮೇಲೆ ಕಾಲು ಹೋಯಿತು ಎಂದು ಜನ ಲೆಕ್ಕ ಹಾಕುತ್ತಾರೆ. ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಶಕ್ತಿ ರೋಗ ಪತ್ತೆಯಾಗುವ ಹೊತ್ತಿಗೇ ಸುಮಾರು ಅರ್ಧಕ್ಕಿಳಿದಿರುತ್ತದೆ, ಆಮೇಲೂ ಇಳಿಯುತ್ತಲೇ ಹೋಗುತ್ತದೆ. ಆದ್ದರಿಂದ ಶಿಸ್ತಾಗಿ ನಡೆದುಕೊಂಡವರಿಗೂ ಕೆಲವು ವರ್ಷಗಳ ಮೇಲೆ ಒಂದಿದ್ದ ಗುಳಿಗೆ ಎರಡಾಗುತ್ತದೆ, ಎರಡಿದ್ದದ್ದು ಮೂರಾಗುತ್ತದೆ. ಇದು ರೋಗದ ನಡೆ ಎಂದು ಮೊದಲೇ ತಿಳಿಸದಿದ್ದರೆ ಅದು ಶಿಕ್ಷೆಯಂತೆ ಕಾಣುತ್ತದೆ. ಇಷ್ಟೆಲ್ಲ ಮಾಡಿಯೂ ಹೆಚ್ಚಾಯಿತಲ್ಲ ಎಂದು ಬೇಸತ್ತವರ ಬಾಗಿಲಿಗೆ ಆಗ ಬರುವುದು ಮೂರು ತಿಂಗಳಲ್ಲಿ ಬೇರುಸಹಿತ ವಾಸಿ ಎನ್ನುವ ಪುಡಿ. ಮೆಂತ್ಯ, ಹಾಗಲ ಊಟದಲ್ಲಿರುವುದು ಒಳ್ಳೆಯದೇ. ಅವನ್ನು ನಂಬಿ ಗುಳಿಗೆ ಬಿಟ್ಟಾಗ ಮಾತ್ರ ಹಾನಿ.

ಇಲ್ಲಿ ಮೊದಲ ಆಕ್ಷೇಪಕ್ಕೆ ಉತ್ತರಿಸಬೇಕು. ನಮ್ಮ ಜನಕ್ಕೆ ಮುಂಜಾಗ್ರತೆಯ ಬುದ್ಧಿಯೇ ಇಲ್ಲ, ಕಣ್ಣಿಗೆ ಕಾಣದ ರೋಗಕ್ಕೆ ಅವರು ಎಂದೂ ಮದ್ದು ಮಾಡುವುದಿಲ್ಲ ಎನ್ನುವವರಿದ್ದಾರೆ. ಅದೇ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರು ಈ ಮಾತನ್ನು ಸುಳ್ಳು ಮಾಡುತ್ತಾರೆ. ಎಲೆಯ ಮೇಲೆ ಒಂದು ಚುಕ್ಕೆಯೂ ಇಲ್ಲದಾಗಲೇ ಡೌನಿ ರೋಗಕ್ಕೆ, ಬೂದಿ ರೋಗಕ್ಕೆ ಅವರು ಔಷಧ ಹೊಡೆಯುತ್ತಾರೆ. ಮೋಡ ಕಟ್ಟಿದರೆ ರಾತ್ರಿಯೇ ಟ್ರ್ಯಾಕ್ಟರ್ ತೆಗೆಯುತ್ತಾರೆ. ಅದಕ್ಕಾಗಿ ಸಾಲವನ್ನೂ ಮಾಡುತ್ತಾರೆ. ಕಾಣದ ರೋಗಕ್ಕೆ ಮುಂಚೆಯೇ ಮದ್ದು ಎಂಬ ತತ್ವ ಅವರಿಗೆ ಚೆನ್ನಾಗಿ ಗೊತ್ತು. ವ್ಯತ್ಯಾಸ ಇರುವುದು ಎರಡು ಕಡೆ. ಬಳ್ಳಿಗೆ ಹೊಡೆಯದಿದ್ದರೆ ಒಂದೇ ಹಂಗಾಮಿನಲ್ಲಿ ಫಲ ಹೋಗುತ್ತದೆ, ಪಕ್ಕದ ತೋಟ ನೋಡಿದರೆ ಹೊಡೆದದ್ದರ ಲಾಭ ಕಣ್ಣಿಗೆ ಕಾಣುತ್ತದೆ. ಜೊತೆಗೆ ಔಷಧ ಅಂಗಡಿಯವರು, ಸಲಹೆಗಾರರು, ಅಕ್ಕಪಕ್ಕದ ರೈತರು ಎಲ್ಲರೂ ಆ ವೇಳಾಪಟ್ಟಿಯನ್ನು ಅವರಿಗಾಗಿ ನೆನಪಿಟ್ಟಿರುತ್ತಾರೆ. ತನ್ನ ದೇಹದ ವಿಷಯದಲ್ಲಿ ಅದೇ ರೈತ ಒಂಟಿ. ಫಲಿತಾಂಶಕ್ಕೆ ಹತ್ತು ವರ್ಷ ಕಾಯಬೇಕು, ಹೋಲಿಸಿ ನೋಡಲು ಪಕ್ಕದ ತೋಟವಿಲ್ಲ.

ಎರಡನೆಯ ಆಕ್ಷೇಪ: ಸರ್ಕಾರ ಗುಳಿಗೆ ಪುಕ್ಕಟೆ ಕೊಡುವಾಗ ಬಡತನದ ನೆವ ಯಾಕೆ? ಗುಳಿಗೆಗೆ ಬೆಲೆ ಇಲ್ಲ, ಅದನ್ನು ತರುವುದಕ್ಕೆ ಬೆಲೆಯಿದೆ. ತಿಂಗಳಿಗೊಮ್ಮೆ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಯಿತು. ಬಸ್ಸಿನ ಖರ್ಚು, ರಕ್ತಪರೀಕ್ಷೆಗೆ ಹೊರಗೆ ಕೊಟ್ಟ ಹಣ ಬೇರೆ. ಹೋದ ದಿನ ಗುಳಿಗೆ ಮುಗಿದಿದ್ದರೆ ಇನ್ನೊಂದು ದಿನ. ದುಡಿಮೆಗೆ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಹೋದವರ ಚೀಟಿ ಮನೆಯಲ್ಲೇ ಉಳಿಯುತ್ತದೆ. ಇಷ್ಟು ಖರ್ಚು ಮಾಡಿ ಹೋದಾಗ ಸಿಗುವ ಹೊತ್ತೆಷ್ಟು? 67 ದೇಶಗಳ ಮಾಹಿತಿ ಒಟ್ಟುಮಾಡಿ 2017ರಲ್ಲಿ ಪ್ರಕಟವಾದ ಸಮೀಕ್ಷೆ ಭಾರತದಲ್ಲಿ ಒಬ್ಬ ರೋಗಿಗೆ ಪ್ರಾಥಮಿಕ ಹಂತದ ವೈದ್ಯರು ಕೊಡುವ ಸಮಯ ಎರಡು ನಿಮಿಷದ ಆಸುಪಾಸು ಎಂದು ಕಂಡಿತು. ಎರಡು ನಿಮಿಷದಲ್ಲಿ ಚೀಟಿ ಬರೆಯಬಹುದು. ಹೊಟ್ಟೆಯುಬ್ಬರ, ಬುತ್ತಿಯ ಹೊತ್ತು, ರೋಜಾ, ಕಿಡ್ನಿಯ ಭಯ ಇದ್ಯಾವುದನ್ನೂ ಕೇಳಲಾಗುವುದಿಲ್ಲ. ಇದು ವೈದ್ಯರ ಮೇಲಿನ ದೂರಲ್ಲ. ಹೊರಗೆ ನೂರು ಜನ ಕಾಯುತ್ತಿರುವಾಗ ಯಾರೇ ಕುಳಿತರೂ ಆಗುವುದು ಅಷ್ಟೇ.

ಮೂರನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ. ನಗರದಲ್ಲಿ ಓದಿದವರು, ಉಳ್ಳವರು, ಕಾರಿನಲ್ಲಿ ಬಂದು ತಜ್ಞರನ್ನು ಕಾಣುವವರೂ ಗುಳಿಗೆ ತಪ್ಪಿಸುತ್ತಾರಲ್ಲ, ಅವರಿಗೆ ಯಾವ ಬಸ್ಸು, ಯಾವ ಕೂಲಿ? ಮಾತು ನಿಜ. ಆದರೆ ಅದು ನನ್ನ ವಾದವನ್ನೇ ಬಲಪಡಿಸುತ್ತದೆ. ಹಣ ಮತ್ತು ಓದು ದಾರಿಯ ಅಡ್ಡಿಗಳನ್ನು ತೆಗೆಯಬಲ್ಲವು, ದೇಹದ ಮೌನವನ್ನು ತೆಗೆಯಲಾರವು. ಆ ಮೌನ ಬಡವ-ಬಲ್ಲಿದರಿಗೆ ಒಂದೇ. ವೈದ್ಯರೂ ಅದಕ್ಕೆ ಸಿಕ್ಕಿಬೀಳುತ್ತಾರೆ. ಬ್ರಿಟನ್ನಿನ 80,000ಕ್ಕೂ ಹೆಚ್ಚು ಮಧುಮೇಹಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಗುಳಿಗೆಯಲ್ಲಿ ಸಕ್ಕರೆ ಮಿತಿ ಮೀರಿದ್ದರೂ ಎರಡನೆಯದನ್ನು ಸೇರಿಸಲು ಸುಮಾರು ಮೂರು ವರ್ಷ ಹಿಡಿದಿತ್ತು. ರೋಗಿ ಎದುರಿಗೆ ಕೂತು ಚೆನ್ನಾಗಿದ್ದೇನೆ ಎನ್ನುತ್ತಾನೆ, ವೈದ್ಯರು ಮುಂದಿನ ಸಲ ನೋಡೋಣ ಎನ್ನುತ್ತಾರೆ. ತರಬೇತಾದ ವೈದ್ಯರೇ ಕಾಣದ ಅಪಾಯವನ್ನು ಮುಂದೂಡುತ್ತಾರಾದರೆ, ಅದೇ ಕೆಲಸ ಮಾಡಿದ ರೋಗಿಯನ್ನು ಬೇಜವಾಬ್ದಾರಿ ಎಂದು ಕರೆಯುವ ಹಕ್ಕು ನಮಗಿಲ್ಲ.

ಹಾಗಾದರೆ ರೋಗಿಗೆ ಯಾವ ಹೊಣೆಯೂ ಇಲ್ಲವೇ? ಇದೆ. ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳಬೇಕಾದವರು ಅವರೇ. ಆದರೆ ಹೊಣೆ ಹೊರುವಂತೆ ಮಾಡುವುದು ಉಪದೇಶವೋ ಏರ್ಪಾಡೋ ಎಂಬುದನ್ನು ಪುರಾವೆಯಿಂದ ತೀರ್ಮಾನಿಸಬಹುದು. ಹೃದ್ರೋಗದ ಅಪಾಯವಿರುವವರಿಗೆ ನಾಲ್ಕು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಟ್ಟರೆ ಏನಾಗುತ್ತದೆಂದು ಭಾರತ ಮತ್ತು ಯುರೋಪಿನ 2,004 ಜನರಲ್ಲಿ ನಡೆಸಿದ ಅಂಪೈರ್ ಪ್ರಯೋಗ 2013ರಲ್ಲಿ ತಿಳಿಸಿತು: ಬಿಡಿಬಿಡಿಯಾಗಿ ನುಂಗಬೇಕಾದವರಲ್ಲಿ ಶೇ 65 ಜನ ಪಾಲಿಸಿದರೆ, ಒಂದೇ ಗುಳಿಗೆಯವರಲ್ಲಿ ಶೇ 86 ಜನ ಪಾಲಿಸಿದರು. ಜನ ಅದೇ ಬಗೆಯವರು, ಬದಲಾದದ್ದು ಗುಳಿಗೆಗಳ ಸಂಖ್ಯೆ. ಭಾರತ ಮತ್ತು ಪಾಕಿಸ್ತಾನದ 10 ಕೇಂದ್ರಗಳಲ್ಲಿ 1,146 ಮಧುಮೇಹಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಕಾರ್ಸ್ ಪ್ರಯೋಗದಲ್ಲಿ, ಪ್ರತಿ ರೋಗಿಯನ್ನು ವಿಚಾರಿಸಿಕೊಳ್ಳಲು ಒಬ್ಬ ಆರೈಕೆ ಸಂಯೋಜಕರನ್ನು ನೇಮಿಸಲಾಯಿತು. ವೈದ್ಯರಿಗೆ ಮುಂದೇನು ಮಾಡಬೇಕೆಂದು ನೆನಪಿಸುವ ಕಂಪ್ಯೂಟರ್ ದಾಖಲೆಯನ್ನೂ ಒದಗಿಸಲಾಯಿತು. ಸಕ್ಕರೆಯ ಜೊತೆಗೆ ರಕ್ತದೊತ್ತಡ ಅಥವಾ ಕೊಲೆಸ್ಟರಾಲ್ ಗುರಿ ಮುಟ್ಟಿದವರು ಮಾಮೂಲಿ ಚಿಕಿತ್ಸೆಯಲ್ಲಿ ಶೇ 8, ಈ ಏರ್ಪಾಡಿನಲ್ಲಿ ಶೇ 18. ಮಧುಮೇಹದ ಜೊತೆ ಖಿನ್ನತೆಯೂ ಇದ್ದ 404 ಜನರಲ್ಲಿ ಭಾರತದ ನಾಲ್ಕು ಕೇಂದ್ರಗಳು ನಡೆಸಿ 2020ರಲ್ಲಿ ಪ್ರಕಟಿಸಿದ ಇಂಡಿಪೆಂಡೆಂಟ್ ಪ್ರಯೋಗದಲ್ಲಿ, ಮನಸ್ಸನ್ನೂ ದೇಹವನ್ನೂ ಒಟ್ಟಿಗೆ ನೋಡಿಕೊಂಡಾಗ ಎರಡು ವರ್ಷಗಳ ಕೊನೆಗೆ ಸುಧಾರಿಸಿದವರು ಶೇ 72ರಷ್ಟು, ಉಳಿದ ಗುಂಪಿನಲ್ಲಿ ಶೇ 57ರಷ್ಟು.

ಎಲ್ಲ ಏರ್ಪಾಡೂ ಗೆದ್ದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಎಂಬ ಮೊಬೈಲ್ ತಂತ್ರಾಂಶ ಕೊಟ್ಟು ನೋಡಿದ ಪ್ರಯೋಗದ ಫಲ 2019ರಲ್ಲಿ ಬಂತು. ತಂತ್ರಾಂಶ ಇದ್ದ ಕೇಂದ್ರಗಳಿಗೂ ಇಲ್ಲದ ಕೇಂದ್ರಗಳಿಗೂ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ರೋಗಿಗಳು ಸುಧಾರಿಸಿದ್ದರು. ಉಪಕರಣ ತಂದಿಟ್ಟರೆ ಕೆಲಸವಾಗಿಬಿಡುತ್ತದೆ ಎಂಬ ಭ್ರಮೆಗೆ ಇದು ತಕ್ಕ ಎಚ್ಚರಿಕೆ. ಗುಳಿಗೆ ಯಾಕೆ, ತೂಕ ಇಳಿಸಿದರೆ ಮಧುಮೇಹವೇ ಹೋಗುತ್ತದಲ್ಲ ಎನ್ನುವವರಿಗೂ ಇದೇ ಬಗೆಯ ಉತ್ತರವಿದೆ. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದಲ್ಲಿ ದಿನಕ್ಕೆ ಸುಮಾರು 850 ಕ್ಯಾಲರಿಯ ಕಟ್ಟುನಿಟ್ಟಿನ ಆಹಾರದಿಂದ ಆರಂಭಿಸಿದವರ ಪೈಕಿ ಶೇ 46 ಜನ ಒಂದು ವರ್ಷದಲ್ಲಿ ಗುಳಿಗೆಯಿಲ್ಲದೆ ಸಕ್ಕರೆ ಹತೋಟಿಗೆ ತಂದರು. ಎರಡನೇ ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು. ಇದು ದೊಡ್ಡ ಸಾಧನೆ, ಈಚೆಗೆ ರೋಗ ಪತ್ತೆಯಾದವರು ವೈದ್ಯರೊಂದಿಗೆ ಖಂಡಿತ ಚರ್ಚಿಸಬೇಕಾದ ದಾರಿ. ಆದರೆ ಅವರ ಹಿಂದೆ ಸಿದ್ಧ ಆಹಾರ, ತರಬೇತಾದ ದಾದಿಯರು, ನಿಯತ ಭೇಟಿಗಳು ಇದ್ದವು. ಮನೋಬಲ ಅವರದು, ಅದನ್ನು ಎತ್ತಿ ಹಿಡಿದದ್ದು ಏರ್ಪಾಡು.

ಇದರಿಂದ ವಿಜಯಪುರ, ತಿಕೋಟಾ, ಬಬಲೇಶ್ವರಗಳಿಗೆ ಆಗಬೇಕಾದದ್ದು ಸ್ಪಷ್ಟ, ಅದರಲ್ಲಿ ದುಬಾರಿಯಾದದ್ದು ಕಡಿಮೆ. ರಕ್ತದೊತ್ತಡಕ್ಕಾಗಿ ದೇಶದಲ್ಲಿ 2017ರ ಕೊನೆಗೆ ಆರಂಭವಾದ ಉಪಕ್ರಮ ತೋರಿಸಿಕೊಟ್ಟಂತೆ, ಎಲ್ಲ ಕೇಂದ್ರಗಳಲ್ಲೂ ಒಂದೇ ಸರಳ ಔಷಧ ಕ್ರಮ ಇರಲಿ, ಮನೆಗೆ ಹತ್ತಿರದ ಉಪಕೇಂದ್ರದಲ್ಲೇ ತಿಂಗಳಿಗಾಗುವಷ್ಟು ಗುಳಿಗೆ ಒಟ್ಟಿಗೆ ಸಿಗಲಿ. ದುಡಿಯಲು ಹೊರಗೆ ಹೋಗುವವರಿಗೆ ಮೂರು ತಿಂಗಳದ್ದು ಕೊಡಲಿ. ಮಾತಾಡುವ ಕೆಲಸವನ್ನು ವೈದ್ಯರ ಎರಡು ನಿಮಿಷದಿಂದ ಬಿಡಿಸಿ ಒಬ್ಬ ದಾದಿಗೆ ವಹಿಸಬೇಕು. ಕೆಲಸದ ಹೊತ್ತು, ಉಪವಾಸ, ಹೊಟ್ಟೆಯ ತೊಂದರೆ, ಭಯ ಇವನ್ನು ಅವರು ಕೇಳಬೇಕು. ಮೌನವಾಗಿರುವ ದೇಹಕ್ಕೆ ಬಾಯಿ ಕೊಡುವುದು ಎಚ್‌ಬಿಎ1ಸಿ ಪರೀಕ್ಷೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುವುದರಿಂದ ಅದಕ್ಕಂಟಿದ ಸಕ್ಕರೆ ಕಳೆದ ಮೂರು ತಿಂಗಳ ಕತೆ ಹೇಳುತ್ತದೆ. ಆ ಒಂದು ಅಂಕಿ ಪ್ರತಿ ರೋಗಿಯ ಕಾರ್ಡಿನಲ್ಲಿ ದೊಡ್ಡದಾಗಿ ಬರೆದಿರಬೇಕು, ಕಳೆದ ಸಲದ್ದರ ಪಕ್ಕದಲ್ಲಿ. 8.9 ಇದ್ದದ್ದು 7.6ಕ್ಕೆ ಇಳಿದದ್ದನ್ನು ನೋಡಿದವರಿಗೆ ಗುಳಿಗೆಯ ಕೆಲಸ ಮೊದಲ ಸಲ ಕಣ್ಣಿಗೆ ಕಾಣುತ್ತದೆ. ಮನೆಬಾಗಿಲಿಗೆ ತಪಾಸಣೆ ಮತ್ತು ಔಷಧ ಒಯ್ಯಲು ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆ ಸರಿಯಾದ ದಿಕ್ಕಿನದು. ಎಷ್ಟು ಜನರಲ್ಲಿ ರೋಗ ಪತ್ತೆಯಾಯಿತು ಎನ್ನುವುದರ ಜೊತೆಗೆ, ಒಂದು ವರ್ಷದ ನಂತರ ಎಷ್ಟು ಜನರ ಸಕ್ಕರೆ ಹತೋಟಿಯಲ್ಲಿ ಉಳಿಯಿತು ಎಂದೂ ಎಣಿಸಿದಾಗಲೇ ಅದರ ಬೆಲೆ ತಿಳಿಯುವುದು.

ಓದುವ ನಿಮ್ಮಲ್ಲಿ ಅಥವಾ ನಿಮ್ಮ ಮನೆಯಲ್ಲಿ ಈ ಕಾಯಿಲೆ ಇರುವವರಿದ್ದರೆ ಕೊನೆಯದಾಗಿ ಎರಡು ಮಾತು. ಗುಳಿಗೆ ಒಗ್ಗದಿದ್ದರೆ, ಹೊತ್ತು ಹೊಂದದಿದ್ದರೆ, ಖರ್ಚು ಹೊರಲಾಗದಿದ್ದರೆ, ನೀವೇ ನಿಲ್ಲಿಸಬೇಡಿ. ನಿಲ್ಲಿಸಿದ್ದರೆ ಮುಚ್ಚಿಡಬೇಡಿ. ಹೋಗಿ ಹಾಗೆಂದೇ ಹೇಳಿ, ಬದಲಿಸಿ ಕೊಡಿ ಎಂದು ಕೇಳಿ. ಬದಲಿ ಗುಳಿಗೆಗಳಿವೆ, ಬದಲಿ ಹೊತ್ತುಗಳಿವೆ. ಮನೆಯವರಾಗಿದ್ದರೆ, ಯಾಕೆ ನುಂಗಲಿಲ್ಲ ಎಂದು ಗದರಿಸುವ ಮೊದಲು ನುಂಗಲು ಏನು ಅಡ್ಡಿಯಾಯಿತು ಎಂದು ಕೇಳಿ. ಗದರಿಸಿದರೆ ರೋಗಿ ಸುಳ್ಳು ಹೇಳಲು ಕಲಿಯುತ್ತಾನೆ. ಅಡ್ಡಿ ಏನೆಂದು ಕೇಳಿದರೆ ಅದನ್ನು ತೆಗೆಯುವ ದಾರಿ ಸಿಗುತ್ತದೆ.